ಪಿತ್ತದ ಗಂಧೆ ಮತ್ತು ಅದರ ಉಪಶಮನ

ಸಂಜೆಯವರೆಗೂ ಅಂಗಳದಲ್ಲಿ ಆಡಿಕೊಂಡಿದ್ದ ಮಗು ದೀಪ ಹೊತ್ತಿಸುವ ವೇಳೆಗೆ ಹೊಟ್ಟೆಯನ್ನೂ ತೊಡೆಯನ್ನೂ ಪರಪರನೆ ಕೆರೆದುಕೊಳ್ಳತೊಡಗುತ್ತದೆ. ಅಂಗಿಯೆತ್ತಿ ನೋಡಿದರೆ ಸೊಳ್ಳೆ ಕಚ್ಚಿದಂತಹ ಹತ್ತಾರು ದದ್ದುಗಳು. ನೋಡುನೋಡುತ್ತಿದ್ದಂತೆಯೇ ಅವು ಒಂದಕ್ಕೊಂದು ಕೂಡಿಕೊಂಡು, ನಡುವೆ ಬಿಳಿಚಿ, ಅಂಚಿನಲ್ಲಿ ಕೆಂಪೇರಿ, ಅಂಗೈಯಗಲಕ್ಕೆ ಹರಡುತ್ತವೆ. ಬೆಳಗಾಗುವಷ್ಟರಲ್ಲಿ ಹೊಟ್ಟೆಯ ಮೇಲಿದ್ದವು ಗುರುತೂ ಉಳಿಯದಂತೆ ಅಡಗಿ, ಬೆನ್ನಿನ ಮೇಲೆ ಹೊಸವು ಎದ್ದಿರುತ್ತವೆ. ಪಿತ್ತದ ಗಂಧೆಯೆಂದು ಕೆಲವೆಡೆ, ಪಿತ್ತಗಾದರಿಯೆಂದು ಕೆಲವೆಡೆ ಕರೆಯಿಸಿಕೊಳ್ಳುವ, ವೈದ್ಯರು ಅರ್ಟಿಕೇರಿಯಾ ಎಂದು ಚೀಟಿಯಲ್ಲಿ ಬರೆದುಕೊಡುವ ಈ ವ್ಯಾಧಿ, ಸುಮಾರು ಐವರಲ್ಲಿ ಒಬ್ಬರಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಬಂದುಹೋಗುವಷ್ಟು ಸಾಮಾನ್ಯವಾದುದು. ಆದರೂ ಅದು ಮನೆಯಲ್ಲೆಬ್ಬಿಸುವ ಗಾಬರಿಗೂ, ಅದರ ನೆಪದಲ್ಲಿ ಹುಟ್ಟಿಕೊಳ್ಳುವ ವಿಧಿನಿಷೇಧಗಳಿಗೂ ಮಿತಿಯೆಂಬುದಿಲ್ಲ. "ಏನು ತಿಂದೆ?" ಎಂಬುದೇ ಮೊದಲ ಪ್ರಶ್ನೆ. ಬದನೆಕಾಯಿ ನಂಜು, ಅದರಿಂದಲೇ ಆದುದೆಂದು ಅಜ್ಜಿಯೂ, ಹೋಟೆಲಿನ ತಿಂಡಿಯೇ ಇದಕ್ಕೆ ಮೂಲವೆಂದು ತಂದೆಯೂ, ಹೊಸ ಸಾಬೂನಿನ ದೋಷವೆಂದು ತಾಯಿಯೂ ಒಬ್ಬೊಬ್ಬ ಅಪರಾಧಿಯನ್ನು ಗೊತ್ತುಮಾಡುತ್ತಾರೆ. ಮೂರೂ ಮನೆಯಿಂದ ಬಹಿಷ್ಕೃತವಾದ ಮೇಲೂ ಗಂಧೆ ಏಳುತ್ತಲೇ ಇರುತ್ತದೆ. ಕಾರಣ ಸಿಕ್ಕಿದ ಹೊರತು ಚಿಕಿತ್ಸೆಯಿಲ್ಲವೆಂಬ ಈ ನಂಬಿಕೆ ನಮ್ಮಲ್ಲಿ ಅತ್ಯಂತ ದೃಢವಾಗಿ ಬೇರೂರಿದೆ. ಆದರೆ ಗಂಧೆಯ ವಿಷಯದಲ್ಲಿ ಅದು ನಿಜವಲ್ಲ. ಬಹುಪಾಲು ರೋಗಿಗಳಲ್ಲಿ, ಅದರಲ್ಲೂ ತಿಂಗಳುಗಟ್ಟಲೆ ನರಳುವವರಲ್ಲಿ, ಹೊರಗಿನ ಕಾರಣವೊಂದು ಸಿಕ್ಕುವುದೇ ಇಲ್ಲ. ಸಿಕ್ಕದಿದ್ದರೂ ಅವರ ತುರಿಕೆಯನ್ನು ನಿಲ್ಲಿಸಿ ಅವರಿಗೆ ನಿದ್ರೆಯನ್ನು ಮರಳಿಸಿಕೊಡುವುದು ಇಂದು ಸಾಧ್ಯವಿದೆ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಚರ್ಮದ ಕೆಳಗೆ ನಡೆಯುವುದೇನೆಂಬುದನ್ನು ಮೊದಲು ನೋಡಬೇಕು.

ನಮ್ಮ ಪ್ರಾಚೀನ ವೈದ್ಯರ ಕಣ್ಣಿಗೆ ಈ ರೋಗ ಬೀಳದೆ ಇರಲಿಲ್ಲ. ಮಾಧವಕರನ ನಿದಾನಗ್ರಂಥದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಮೂರನ್ನು ಒಂದೇ ಅಧ್ಯಾಯದಲ್ಲಿ ವರ್ಣಿಸಿದೆ. ತಣ್ಣನೆಯ ಗಾಳಿ ಸೋಕುವುದನ್ನು ಕಾರಣವಾಗಿಯೂ, ಕಣಜ ಕುಟುಕಿದಂತಹ ಊತವನ್ನೂ ತುರಿಕೆಯನ್ನೂ ಲಕ್ಷಣಗಳಾಗಿಯೂ ಅಲ್ಲಿ ಹೇಳಿದೆ. ಕಣಜದ ಕುಟುಕಿಗೂ ಗಂಧೆಗೂ ಹೊರನೋಟದಲ್ಲಿ ಮಾತ್ರವಲ್ಲ, ಒಳಗಿನ ರಾಸಾಯನಿಕ ವ್ಯಾಪಾರದಲ್ಲಿಯೂ ನಿಕಟ ಸಂಬಂಧವಿದೆಯೆಂಬುದನ್ನು ತಿಳಿಯಲು ಮಾನವಕುಲ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿದ್ದ ಥಾಮಸ್ ಲೂಯಿಸ್ ಎಂಬ ವೈದ್ಯವಿಜ್ಞಾನಿ 1920ರ ದಶಕದಲ್ಲಿ ಮಾಡಿದ ಪರೀಕ್ಷೆಗಳು ಅತ್ಯಂತ ಸರಳವಾದವು. ಮೊಂಡಾದ ಕಡ್ಡಿಯೊಂದರಿಂದ ಚರ್ಮದ ಮೇಲೆ ಬಲವಾಗಿ ಒಂದು ಗೆರೆಯೆಳೆದು, ಮುಂದೇನಾಗುತ್ತದೆಂಬುದನ್ನು ನೋಡುತ್ತ ಕುಳಿತುಕೊಳ್ಳುವುದಷ್ಟೇ ಆತನ ಉಪಕ್ರಮ. ಮೊದಲು ಕಡ್ಡಿ ಹಾದ ಜಾಡಿನಲ್ಲಿ ಕೆಂಪು ಗೆರೆ ಕಾಣಿಸಿಕೊಳ್ಳುತ್ತದೆ. ಬಳಿಕ ಆ ಗೆರೆಯ ಇಕ್ಕೆಲಗಳಲ್ಲಿ ಅಂಚು ಸ್ಪಷ್ಟವಿಲ್ಲದ ಕೆಂಬಣ್ಣ ಹರಡುತ್ತದೆ. ಕೊನೆಗೆ, ಒಂದೆರಡು ನಿಮಿಷಗಳಲ್ಲಿ, ಗೆರೆ ತಾನೇ ಬಿಳಿಚಿಕೊಂಡು ಉಬ್ಬಿ ನಿಲ್ಲುತ್ತದೆ. ಮೊದಲನೆಯದು ಲೋಮನಾಳಗಳು ಹಿಗ್ಗಿದುದರ ಫಲ; ಎರಡನೆಯದು ಅಲ್ಲಿನ ಸೂಕ್ಷ್ಮ ನರತಂತುಗಳು ಕೆರಳಿ ಸುತ್ತಲಿನ ರಕ್ತನಾಳಗಳನ್ನು ಹಿಗ್ಗಿಸಿದುದರ ಫಲ; ಮೂರನೆಯದು ನಾಳಗಳ ಗೋಡೆ ಸಡಿಲಗೊಂಡು ರಕ್ತದ ದ್ರವಾಂಶ ಸುತ್ತಲಿನ ಊತಕಕ್ಕೆ ಜಿನುಗಿದುದರ ಫಲ. ಚರ್ಮದೊಳಗೇ ಅಡಗಿರುವ ಯಾವುದೋ ಒಂದು ದ್ರವ್ಯ ಏಟಿಗೆ ಹೊರಬಿದ್ದು ಈ ಮೂರನ್ನೂ ನಡೆಸುತ್ತದೆಂದು ಊಹಿಸಿದ ಲೂಯಿಸ್, ಅದು ಹಿಸ್ಟಮಿನ್ನನ್ನು ಹೋಲುತ್ತದೆಂದು ಕಂಡರೂ, ಪೂರ್ಣ ಪ್ರಮಾಣ ಸಿಕ್ಕುವವರೆಗೆ ಆ ಹೆಸರನ್ನಿಡಲೊಪ್ಪದೆ, ಎಚ್ ದ್ರವ್ಯವೆಂದಷ್ಟೇ ಕರೆದನು. ಇಂತಹ ಸಂಯಮ ವಿಜ್ಞಾನಿಗೆ ಭೂಷಣ.

ಹಿಸ್ಟಮಿನ್ ಆ ವೇಳೆಗಾಗಲೇ ಅಪರಿಚಿತ ವಸ್ತುವಾಗಿರಲಿಲ್ಲ. 1910ರಲ್ಲಿಯೇ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ ಎಂಬವರು ಅದರ ಪರಿಣಾಮಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿ ವಿವರಿಸಿದ್ದರು. 1927ರಲ್ಲಿ ಡೇಲ್ ಮತ್ತು ಸಂಗಡಿಗರು ಅದನ್ನು ಪ್ರಾಣಿಗಳ ಯಕೃತ್ತು ಶ್ವಾಸಕೋಶಗಳಿಂದಲೇ ಬೇರ್ಪಡಿಸಿ, ಅದು ದೇಹದ ಸಹಜ ಸಂಪತ್ತೆಂಬುದನ್ನು ತೋರಿಸಿಕೊಟ್ಟರು. ಅದರ ಕೋಠಿ ಎಲ್ಲಿದೆಯೆಂಬುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಪಾಲ್ ಎರ್‌ಲಿಖ್ ಎಂಬ ಜರ್ಮನ್ ತರುಣ 1878ರಲ್ಲಿ ತನ್ನ ಡಾಕ್ಟರ್ ಪದವಿಯ ಪ್ರಬಂಧಕ್ಕಾಗಿ ಊತಕಗಳಿಗೆ ಬಣ್ಣ ಕಟ್ಟಿ ನೋಡುತ್ತಿದ್ದಾಗ, ಒಡಲಿನ ತುಂಬ ಒರಟು ಕಣಗಳನ್ನು ಹೊತ್ತ ಒಂದು ಬಗೆಯ ಕೋಶಗಳನ್ನು ಕಂಡು, ಅವಕ್ಕೆ ಮಾಸ್ಟ್ ಕೋಶಗಳೆಂದು ಹೆಸರಿಟ್ಟಿದ್ದನು. ಮುಕ್ಕಾಲು ಶತಮಾನ ಕಳೆದ ಮೇಲೆ, 1953ರಲ್ಲಿ, ಸ್ಕಾಟ್ಲೆಂಡಿನ ಡಂಡಿ ನಗರದ ರೈಲಿ ಮತ್ತು ವೆಸ್ಟ್ ಎಂಬಿಬ್ಬರು, ದೇಹದ ಹಿಸ್ಟಮಿನ್ ಬಹುಮಟ್ಟಿಗೆ ಸಂಚಿತವಾಗಿರುವುದು ಈ ಕಣಗಳಲ್ಲಿಯೇ ಎಂಬುದನ್ನು ಸ್ಥಾಪಿಸಿದರು. ಮಾಸ್ಟ್ ಕೋಶಗಳು ಹೊರಜಗತ್ತಿಗೂ ದೇಹಕ್ಕೂ ಸಂಧಿಯಾಗುವ ಎಡೆಗಳಲ್ಲೆಲ್ಲ, ಎಂದರೆ ಚರ್ಮದಲ್ಲಿ, ಮೂಗಿನಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ, ರಕ್ತನಾಳಗಳ ಮಗ್ಗುಲಲ್ಲಿ ನೆಲೆಸಿರುತ್ತವೆ. ಪರೋಪಜೀವಿಗಳೂ ವಿಷಗಳೂ ಒಳನುಗ್ಗಿದಾಗ ಕಣಗಳನ್ನು ಸಿಡಿಸಿ ಎಚ್ಚರಿಕೆ ಕೊಡುವುದು ಅವುಗಳ ಧರ್ಮ. ಕಾರಣವಿಲ್ಲದೆ, ಅಥವಾ ಅತ್ಯಲ್ಪ ಕಾರಣಕ್ಕೆ, ಆ ಧರ್ಮವನ್ನು ಅವು ಪಾಲಿಸತೊಡಗಿದಾಗ ಗಂಧೆಯೇಳುತ್ತದೆ.

ಅತ್ಯಲ್ಪ ಕಾರಣವೆಂದರೆ ಎಷ್ಟು ಅಲ್ಪವೆಂಬುದಕ್ಕೆ ಬ್ರೆಸ್ಲೌ ನಗರದಲ್ಲಿ ನಡೆದು 1921ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಹೈನ್ಸ್ ಕ್ಯುಸ್ಟ್‌ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ತಿಂದೊಡನೆ ಮೈಯೆಲ್ಲ ತುರಿಸಿ ಗಂಧೆಯೇಳುತ್ತಿತ್ತು. ಆತನ ಸಹೋದ್ಯೋಗಿ ಕಾರ್ಲ್ ಪ್ರೌಸ್‌ನಿಟ್ಸ್‌ಗೆ ಮೀನಿನಿಂದ ಯಾವ ಬಾಧೆಯೂ ಇರಲಿಲ್ಲ. ಕ್ಯುಸ್ಟ್‌ನರನ ರಕ್ತದಿಂದ ತೆಗೆದ ಸೀರಮ್ಮಿನ ಒಂದು ತೊಟ್ಟನ್ನು ಪ್ರೌಸ್‌ನಿಟ್ಸ್ ತನ್ನ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಸಿಕೊಂಡು, ಮರುದಿನ ಅದೇ ಎಡೆಗೆ ಮೀನಿನ ಸಾರವನ್ನು ಚುಚ್ಚಿಸಿಕೊಂಡನು. ಕೆಲವೇ ನಿಮಿಷಗಳಲ್ಲಿ ಅಲ್ಲಿ, ಅಲ್ಲಿ ಮಾತ್ರವೇ, ಕೆಂಪು ಪರಿವೇಷದ ನಡುವೆ ಬಿಳಿಯ ಗಂಧೆಯೊಂದು ಎದ್ದು ನಿಂತಿತು. ಒಬ್ಬನ ಒಗ್ಗದಿಕೆ ರಕ್ತದ ತಿಳಿಯಲ್ಲಿ ಕರಗಿ ಮತ್ತೊಬ್ಬನ ಚರ್ಮಕ್ಕೆ ದಾಟಿತ್ತು. ಹಾಗೆ ದಾಟಿದ ದ್ರವ್ಯ ಯಾವುದೆಂಬುದು ತಿಳಿಯಲು ಮತ್ತೆ ನಾಲ್ವತ್ತೈದು ವರ್ಷ ಹಿಡಿಯಿತು; ಅಮೆರಿಕದಲ್ಲಿ ಜಪಾನಿನ ಇಷಿಜಾಕ ದಂಪತಿಗಳೂ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ 1966-67ರ ಸುಮಾರಿಗೆ ಪರಸ್ಪರ ಸ್ವತಂತ್ರವಾಗಿ ಅದನ್ನು ಗುರುತಿಸಿದರು. ಐಜಿಇ ಎಂದು ಇಂದು ಹೆಸರಾಗಿರುವ ಈ ಪ್ರತಿಕಾಯ ಮಾಸ್ಟ್ ಕೋಶದ ಹೊರಮೈಗೆ ಕಚ್ಚಿಕೊಂಡಿದ್ದು, ತನಗೆ ಗೊತ್ತಿರುವ ಒಗ್ಗದ ವಸ್ತು ಬಂದು ತಗಲಿದೊಡನೆ ಕೋಶವನ್ನು ಸಿಡಿಸುತ್ತದೆ.

ಇಲ್ಲಿಯವರೆಗೆ ಓದಿದವರಿಗೆ, ಹಾಗಾದರೆ ಗಂಧೆಯೆಲ್ಲವೂ ಆಹಾರದ ಅಲರ್ಜಿಯೇ ಸರಿ, ಅಜ್ಜಿ ಹೇಳಿದ್ದೇ ನಿಜ, ಎಂದು ತೋರಬಹುದು. ಆದರೆ ಮಾಸ್ಟ್ ಕೋಶವನ್ನು ಕೆರಳಿಸುವುದಕ್ಕೆ ಐಜಿಇಯ ಹಾದಿ ಒಂದೇ ಅಲ್ಲ. ಕ್ರಿಮಿಗಳ ಸೋಂಕಿನಿಂದ ದೇಹದಲ್ಲುಂಟಾಗುವ ರಾಸಾಯನಿಕ ಸಂಚಲನ, ಕೆಲವು ಔಷಧಗಳು, ಒತ್ತಡ, ಚಳಿ, ಬಿಸಿಲು, ಬೆವರು, ದೇಹ ತನ್ನ ಮೇಲೆಯೇ ತಿರುಗಿಬಿದ್ದು ಉತ್ಪಾದಿಸುವ ಪ್ರತಿಕಾಯಗಳು, ಇವೆಲ್ಲವೂ ಅದರ ಬಾಗಿಲನ್ನು ತಟ್ಟಬಲ್ಲವು. ಇವುಗಳಲ್ಲಿ ಯಾವುದು ತಟ್ಟಿದರೂ ಚರ್ಮದ ಮೇಲೆ ಕಾಣುವ ಗಂಧೆ ಒಂದೇ ತೆರನಾದುದು. ಆದಕಾರಣವೇ ಗಂಧೆಯ ರೂಪವನ್ನು ನೋಡಿ ಕಾರಣವನ್ನು ಹೇಳುವುದು ಯಾವ ಪಂಡಿತನಿಗೂ ಆಗದ ಮಾತು.

ಮಕ್ಕಳ ವಿಷಯವನ್ನು ಮೊದಲು ತೆಗೆದುಕೊಳ್ಳುವೆನು. ಮಕ್ಕಳಲ್ಲಿ ಹಠಾತ್ತನೆ ಏಳುವ ಗಂಧೆಗೆ ಅತ್ಯಂತ ಸಾಮಾನ್ಯವಾದ ಪ್ರೇರಣೆ ಸಾಧಾರಣ ವೈರಸ್ ಸೋಂಕು. ನೆಗಡಿಯೋ ಸಣ್ಣ ಜ್ವರವೋ ಭೇದಿಯೋ ಬಂದ ಕೆಲವು ದಿನಗಳಲ್ಲಿ ಗಂಧೆ ಕಾಣಿಸಿಕೊಂಡು, ದಿನಕ್ಕೊಂದೆಡೆ ಎದ್ದು ಅಡಗುತ್ತ, ಒಂದೆರಡು ವಾರಗಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಈ ಸಂದರ್ಭದಲ್ಲಿ ನಡೆದುಹೋಗುವ ಒಂದು ಅನ್ಯಾಯದ ಕಡೆಗೆ ತಾಯಿತಂದೆಯರ ಗಮನವನ್ನು ವಿಶೇಷವಾಗಿ ಸೆಳೆಯಬೇಕೆನಿಸುತ್ತದೆ. ಜ್ವರ ಬಂದ ಮಗುವಿಗೆ ಪೆನಿಸಿಲಿನ್ ವರ್ಗದ ಅಮಾಕ್ಸಿಸಿಲಿನ್‌ನಂತಹ ಆಂಟಿಬಯಾಟಿಕ್ ಸಿರಪ್ ಕುಡಿಸಿರುತ್ತಾರೆ. ಮೂರನೆಯ ದಿನ ಗಂಧೆಯೇಳುತ್ತದೆ. ವೈರಸ್ಸಿನ ತಪ್ಪು ಔಷಧದ ತಲೆಗೆ ಬಂದು, "ಈ ಮಗುವಿಗೆ ಪೆನಿಸಿಲಿನ್ ಆಗದು" ಎಂಬ ಬರಹ ಅದರ ಆಸ್ಪತ್ರೆಯ ಪುಸ್ತಕದಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಹೀಗೆ ಪೆನಿಸಿಲಿನ್ ಆಗದವರೆಂಬ ಮುದ್ರೆ ಬಿದ್ದವರನ್ನು ಮುಂದೆ ಕ್ರಮಬದ್ಧವಾಗಿ ಪರೀಕ್ಷಿಸಿದಾಗ, ಅವರಲ್ಲಿ ಶೇಕಡಾ 90ಕ್ಕೂ ಮಿಕ್ಕವರಿಗೆ ಆ ಔಷಧ ನಿರಪಾಯವಾಗಿ ಒಗ್ಗುತ್ತದೆಂದು ಕಂಡುಬಂದಿದೆ. ಈ ಮುದ್ರೆಯ ದೆಸೆಯಿಂದ ಅವರು ಜೀವಮಾನವಿಡೀ ಹೆಚ್ಚು ಬೆಲೆಯ, ಹೆಚ್ಚು ತೀಕ್ಷ್ಣವಾದ ಔಷಧಗಳನ್ನು ನುಂಗಬೇಕಾಗುತ್ತದೆ. ಮಗುವಿಗೆ ಗಂಧೆಯೆದ್ದಾಗ ಔಷಧವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸುವುದು ಸರಿ. ಆದರೆ ಮಗು ಗುಣವಾದ ಬಳಿಕ, ಆ ಸಂಶಯ ನಿಜವೋ ಸುಳ್ಳೋ ಎಂಬುದನ್ನು ಅಲರ್ಜಿ ಬಲ್ಲ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ ಇತ್ಯರ್ಥಪಡಿಸಿಕೊಳ್ಳುವುದು ಅಷ್ಟೇ ಸರಿ.

ಇನ್ನು ಆಹಾರ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಮೀನು, ಸೀಗಡಿ ಮೊದಲಾದವುಗಳಿಗೆ ನಿಜವಾದ ಅಲರ್ಜಿಯುಳ್ಳವರು ಇದ್ದಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅಲರ್ಜಿಗೆ ತನ್ನದೇ ಆದ ನಡವಳಿಕೆಯಿದೆ: ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗಾಗಿ ಅದು ಕಾಣಿಸಿಕೊಳ್ಳುತ್ತದೆ, ಆ ವಸ್ತುವನ್ನು ತಿಂದಾಗಲೆಲ್ಲ ಕಾಣಿಸಿಕೊಳ್ಳುತ್ತದೆ, ಒಂದು ದಿನದೊಳಗೆ ಅಡಗುತ್ತದೆ. ನಿನ್ನೆ ಮಧ್ಯಾಹ್ನ ತಿಂದ ಬದನೆಕಾಯಿ ಹುಳಿಗೆ ಇಂದು ರಾತ್ರಿಯ ಗಂಧೆಯನ್ನು ಆರೋಪಿಸುವುದು ನ್ಯಾಯವಲ್ಲ. ಕರಾವಳಿಯವರು ತಿಳಿದಿರಬೇಕಾದ ಮತ್ತೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಬಂಗುಡೆ, ಬೂತಾಯಿ, ಕೇದರ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದ್ದು, ಹಿಡಿದ ಮೀನನ್ನು ಸಾಕಷ್ಟು ಮಂಜುಗಡ್ಡೆಯಲ್ಲಿಡದೆ ಬಿಸಿಲಲ್ಲಿ ಬಿಟ್ಟರೆ, ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮಿನ್ನಾಗಿ ಮಾರ್ಪಡಿಸುತ್ತವೆ. ಆ ಹಿಸ್ಟಮಿನ್ ಎಷ್ಟು ಬೇಯಿಸಿದರೂ ನಾಶವಾಗದು. ಅಂತಹ ಮೀನನ್ನುಂಡವರಿಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತ ನಾಲ್ಕಾರು ಮಂದಿಗೆ ಒಟ್ಟಿಗೆ ಹೀಗಾದರೆ, ಅದು ಅವರ ದೇಹದ ಅಲರ್ಜಿಯಲ್ಲ, ಮೀನು ಕೆಟ್ಟುದರ ಫಲವೆಂದು ತಿಳಿಯಬೇಕು. ಅವರು ಮುಂದೆ ತಾಜಾ ಮೀನನ್ನು ನಿಶ್ಚಿಂತೆಯಿಂದ ತಿನ್ನಬಹುದು.

ಆರು ವಾರಗಳನ್ನು ಮೀರಿಯೂ ಬಹುತೇಕ ದಿನನಿತ್ಯವೆಂಬಂತೆ ಏಳುವ ಗಂಧೆಯನ್ನು ದೀರ್ಘಕಾಲಿಕ ಗಂಧೆಯೆನ್ನುತ್ತಾರೆ. ನೂರರಲ್ಲಿ ಸುಮಾರು ಒಬ್ಬರಿಗೆ ಬರುವ, ಗಂಡಸರಿಗಿಂತ ಹೆಂಗಸರನ್ನು ಸುಮಾರು ಎರಡು ಪಟ್ಟು ಕಾಡುವ ಈ ಬಗೆಯಲ್ಲಿ ಆಹಾರದ ಪಾತ್ರ ಅತಿವಿರಳ. ಆದರೂ ಪಥ್ಯದ ಹೊರೆ ಅತಿಯಾಗಿ ಬೀಳುವುದು ಇವರ ಮೇಲೆಯೇ. ಮೊದಲು ಬದನೆಕಾಯಿ, ಆಮೇಲೆ ಮೊಟ್ಟೆ ಮೀನು, ಆಮೇಲೆ ಹುರುಳಿ, ಕಡಲೆಕಾಯಿ, ಮೊಸರು, ಹೀಗೆ ಒಂದೊಂದಾಗಿ ತಟ್ಟೆಯಿಂದ ಇಳಿದುಹೋಗಿ, ಬರೀ ಗಂಜಿಯ ಮೇಲೆ ಬದುಕುವ ಗೃಹಿಣಿಯರನ್ನೂ, ಬೆಳೆಯುವ ವಯಸ್ಸಿನಲ್ಲಿ ಹಾಲು ಬೇಳೆಗಳಿಗೆ ಎರವಾದ ಮಕ್ಕಳನ್ನೂ ಕಾಣುವುದು ದುಃಖದ ವಿಷಯ. ರಕ್ತದಲ್ಲಿ ನೂರಾರು ಆಹಾರವಸ್ತುಗಳ ಐಜಿಇಯನ್ನು ಒಮ್ಮೆಗೇ ಅಳೆದುಕೊಡುವ ದುಬಾರಿ ಪರೀಕ್ಷೆಗಳು ಇಂತಹವರಿಗೆ ನೆರವಾಗುವುದಕ್ಕಿಂತ ಕೆಡುಕು ಮಾಡುವುದೇ ಹೆಚ್ಚು. ಪರೀಕ್ಷೆಯಲ್ಲಿ ಪ್ರತಿಕಾಯ ಕಂಡುಬಂದ ಮಾತ್ರಕ್ಕೆ ಆ ಆಹಾರ ಒಗ್ಗದೆಂದರ್ಥವಲ್ಲ.

ಹಾಗಾದರೆ ಅವರಲ್ಲಿ ನಡೆಯುವುದೇನು? 1986ರಲ್ಲಿ ಇಂಗ್ಲೆಂಡಿನ ವೈದ್ಯರು, ಇಂತಹ ಕೆಲವು ರೋಗಿಗಳ ಸ್ವಂತ ಸೀರಮ್ಮನ್ನೇ ಅವರ ಚರ್ಮಕ್ಕೆ ಚುಚ್ಚಿದರೆ ಅಲ್ಲೊಂದು ಗಂಧೆಯೇಳುತ್ತದೆಂಬುದನ್ನು ತೋರಿಸಿದರು. ರೋಗದ ಪ್ರೇರಕ ಹೊರಗಿನಿಂದ ಬರುತ್ತಿಲ್ಲ, ರಕ್ತದಲ್ಲಿಯೇ ಹರಿಯುತ್ತಿದೆ, ಎಂಬ ಸೂಚನೆ ಅದರಲ್ಲಿತ್ತು. 1993ರಲ್ಲಿ ಲಂಡನ್ನಿನಲ್ಲಿ ಮಿಚಿಹಿರೊ ಹಿಡೆ, ಮಾಲ್ಕಂ ಗ್ರೀವ್ಸ್ ಮತ್ತು ಅವರ ಸಂಗಡಿಗರು ಆ ಪ್ರೇರಕವನ್ನು ಹಿಡಿದು ತೋರಿಸಿದರು: ಮಾಸ್ಟ್ ಕೋಶದ ಮೇಲೆ ಐಜಿಇ ಬಂದು ಕೂರುವ ಗ್ರಾಹಿಯ ವಿರುದ್ಧವೇ ದೇಹ ಪ್ರತಿಕಾಯವನ್ನು ತಯಾರಿಸಿ, ಒಗ್ಗದ ವಸ್ತುವಿನ ಹಂಗಿಲ್ಲದೆಯೇ ಕೋಶವನ್ನು ಸಿಡಿಸುತ್ತದೆ. ಇವರಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ವಿರುದ್ಧವೂ ಇಂತಹ ಪ್ರತಿಕಾಯಗಳಿರುವುದರಿಂದ ವೈದ್ಯರು ಆ ಪರೀಕ್ಷೆಯನ್ನು ಬರೆದುಕೊಡುವುದುಂಟು. ತನ್ನ ತಟ್ಟೆಯಲ್ಲಿ ಅಪರಾಧಿಯನ್ನು ಹುಡುಕುತ್ತಿದ್ದ ರೋಗಿಗೆ ಈ ತಿಳಿವಳಿಕೆಯಿಂದಾಗುವ ಬಿಡುಗಡೆ ಅಲ್ಪವಾದುದಲ್ಲ.

ಪ್ರೇರಣೆ ಸ್ಪಷ್ಟವಾಗಿ ಗೊತ್ತಾಗುವ ದೀರ್ಘಕಾಲಿಕ ಗಂಧೆಗಳೂ ಇವೆ. ಅವುಗಳ ಮೂಲ ಅಡುಗೆಮನೆಯಲ್ಲಿಲ್ಲ, ಭೌತಿಕ ಜಗತ್ತಿನಲ್ಲಿದೆ. ಉಗುರಿನಿಂದ ಗೀರಿದೆಡೆಯೆಲ್ಲ ಉಬ್ಬುವ ಚರ್ಮ ಕೆಲವರದು. ಅಂಥವರ ಬೆನ್ನ ಮೇಲೆ ಬೆರಳಿನಿಂದ ಹೆಸರು ಬರೆದರೆ ಐದಾರು ನಿಮಿಷಗಳಲ್ಲಿ ಅಕ್ಷರಗಳು ಓದುವಷ್ಟು ಸ್ಪಷ್ಟವಾಗಿ ಏಳುತ್ತವೆ, ಅರ್ಧ ಗಂಟೆ ಕಳೆಯುವುದರೊಳಗೆ ಅಳಿದುಹೋಗುತ್ತವೆ. ಬಿಸಿನೀರಿನ ಸ್ನಾನಕ್ಕೋ ಓಟಕ್ಕೋ ಬೆವರಿದೊಡನೆ ಸಾಸಿವೆಗಾತ್ರದ ಗಂಧೆಗಳೇಳುವುದು ತರುಣರಲ್ಲಿ ಹೆಚ್ಚು. ಸೊಂಟದ ಪಟ್ಟಿ ಬಿಗಿದೆಡೆ, ಬಹಳ ಹೊತ್ತು ನಿಂತ ಅಂಗಾಲು, ಕೈಚೀಲ ಹಿಡಿದ ಬೆರಳು ಕೆಲವು ಗಂಟೆಗಳ ನಂತರ ಊದಿ ನೋಯುವುದು ಒತ್ತಡದ ಗಂಧೆ. ಚಳಿಯ ಗಂಧೆಯೆಂಬುದೂ ಒಂದುಂಟು. ತೆಳುವಾದ ಚೀಲದಲ್ಲಿಟ್ಟ ಮಂಜುಗಡ್ಡೆಯ ತುಂಡನ್ನು ಮುಂಗೈಯ ಮೇಲೆ ಐದು ನಿಮಿಷವಿಟ್ಟು ತೆಗೆದು, ಹತ್ತು ನಿಮಿಷ ಕಾದರೆ, ತುಂಡಿನ ಆಕಾರದ್ದೇ ಗಂಧೆಯೇಳುವುದು ಅದರ ಪರೀಕ್ಷೆ. ಇದನ್ನುಳ್ಳವರು ತಣ್ಣೀರಿನ ಕೆರೆಗೋ ಹೊಳೆಗೋ ಏಕಾಏಕಿ ಧುಮುಕಿದರೆ, ಮೈಯ ಮಾಸ್ಟ್ ಕೋಶಗಳೆಲ್ಲ ಒಟ್ಟಿಗೆ ಸಿಡಿದು, ರಕ್ತದೊತ್ತಡ ಕುಸಿದು, ನೀರಿನಲ್ಲಿಯೇ ಪ್ರಜ್ಞೆ ತಪ್ಪುವ ಅಪಾಯವಿದೆ. ಅವರು ಒಂಟಿಯಾಗಿ ಈಜಲಿಳಿಯಲೇಬಾರದು.

ಈಗ ಚಿಕಿತ್ಸೆಗೆ ಬರೋಣ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆಯೂ ಆತನ ಸಹಾಯಕಿ ಆನ್‌ಮರಿ ಸ್ಟಾಬ್‌ಳೂ 1937ರಲ್ಲಿ ಹಿಸ್ಟಮಿನ್ನಿನ ಕ್ರಿಯೆಯನ್ನು ತಡೆಯುವ ಮೊದಲ ದ್ರವ್ಯವನ್ನು ಕಂಡುಹಿಡಿದರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿದ್ದಿತಾದರೂ ಅದು ತೆರೆದ ದಾರಿಯಲ್ಲಿ 1940ರ ದಶಕದಲ್ಲಿ ಹಲವು ಉಪಯುಕ್ತ ಔಷಧಗಳು ಬಂದುವು. ಬೋವೆಗೆ 1957ರ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ಮನೆಗಳಲ್ಲಿ ಎವಿಲ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಫೆನಿರಮಿನ್ ಆ ಮೊದಲ ತಲೆಮಾರಿಗೆ ಸೇರಿದುದು. ಈ ತಲೆಮಾರಿನ ದೊಡ್ಡ ದೋಷ ತೂಕಡಿಕೆ; ಮೆದುಳಿನಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುವ ಕೆಲಸ ಮಾಡುತ್ತಿರುವುದರಿಂದ, ಮೆದುಳನ್ನು ಹೊಗುವ ಔಷಧ ಅಲ್ಲಿಯೂ ಅದನ್ನು ತಡೆದು ಮಂಪರು ಕವಿಸುತ್ತದೆ. ವಾಹನ ನಡೆಸುವವರಿಗೂ ಯಂತ್ರದ ಮುಂದೆ ಕೆಲಸ ಮಾಡುವವರಿಗೂ ಇದು ಅಪಾಯಕರ. ಶಾಲೆಗೆ ಹೋಗುವ ಮಕ್ಕಳ ಕಲಿಕೆಗೆ ಹಾನಿಕರ. ಕೆಲವು ಮಕ್ಕಳನ್ನಂತೂ ಮಲಗಿಸುವುದಕ್ಕೆ ಬದಲು ವಿಪರೀತ ಕೆರಳಿಸುತ್ತದೆ. ಎಳೆಯ ಶಿಶುಗಳಿಗೆ ವೈದ್ಯರ ಅಪ್ಪಣೆಯಿಲ್ಲದೆ ಕೊಡಲೇಬಾರದು. ಸೆಟಿರಿಝಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಮೊದಲಾದ ಎರಡನೆಯ ತಲೆಮಾರಿನವು ಮೆದುಳಿಗೆ ಅತ್ಯಲ್ಪವಾಗಿ ಮಾತ್ರ ಹೊಗುತ್ತವೆಯಾದುದರಿಂದ ಇಂದು ಜಗತ್ತಿನ ವೈದ್ಯರೆಲ್ಲ ಗಂಧೆಗೆ ಮೊದಲು ಬರೆಯುವುದು ಇವನ್ನೇ. ಸೆಟಿರಿಝಿನ್ನಿನಿಂದಲೂ ಕೆಲವರಿಗೆ ತೂಕಡಿಕೆ ಬರುವುದುಂಟು. ಅವರಿಗೆ ಇತರವು ಒಗ್ಗುತ್ತವೆ. ಮಕ್ಕಳಿಗೆ ಇವುಗಳ ಸಿರಪ್ ಸಿಗುತ್ತದೆ. ಪ್ರಮಾಣ ವಯಸ್ಸು ತೂಕಗಳಿಗನುಸಾರವಾದುದು. ಅಡುಗೆಮನೆಯ ಚಮಚದಲ್ಲಿ ಅಳೆಯದೆ ಸೀಸೆಯೊಡನೆ ಬರುವ ಅಳತೆಯ ಮುಚ್ಚಳದಲ್ಲಿಯೇ ಅಳೆದು ಕುಡಿಸಬೇಕು.

ಈ ಔಷಧಗಳನ್ನು ಸೇವಿಸುವ ಕ್ರಮದಲ್ಲಿ ನಮ್ಮ ಜನ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಗಂಧೆಯೆದ್ದ ದಿನ ಒಂದು ಮಾತ್ರೆ ನುಂಗಿ, ಇಳಿದ ದಿನ ಬಿಟ್ಟುಬಿಡುತ್ತಾರೆ. ಈ ಔಷಧ ಸಿಡಿದ ಹಿಸ್ಟಮಿನ್ನನ್ನು ಬಾಚಿ ತೆಗೆಯುವುದಿಲ್ಲ. ರಕ್ತನಾಳಗಳಲ್ಲಿಯೂ ನರಗಳಲ್ಲಿಯೂ ಹಿಸ್ಟಮಿನ್ ಬಂದು ಕೂರುವ ಗ್ರಾಹಿಗಳನ್ನು ಅದು ಬರುವ ಮೊದಲೇ ತಾನು ಆಕ್ರಮಿಸುತ್ತದೆ. ಕಣದಲ್ಲಿ ರಾಶಿಮಾಡಿದ ಭತ್ತವನ್ನು ಮಳೆ ಸುರಿಯುವ ಮೊದಲೇ ಮುಚ್ಚಬೇಕಲ್ಲದೆ, ನೆನೆದ ಮೇಲೆ ಮುಚ್ಚಿ ಫಲವಿಲ್ಲ. ಆದಕಾರಣ ದೀರ್ಘಕಾಲಿಕ ಗಂಧೆಯುಳ್ಳವರು ಗಂಧೆಯಿರಲಿ ಇಲ್ಲದಿರಲಿ, ದಿನವೂ ಗೊತ್ತಾದ ಹೊತ್ತಿಗೆ ಮಾತ್ರೆಯನ್ನು ಸೇವಿಸಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಸಾಕಷ್ಟು ಗುಣ ಕಾಣದಿದ್ದರೆ ವೈದ್ಯರು ಅದೇ ಔಷಧದ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದೆಂದು ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಒಪ್ಪಿದೆ. ರೋಗಿ ತಾನೇ ಏರಿಸಿಕೊಳ್ಳತಕ್ಕದ್ದಲ್ಲ. ಅದಕ್ಕೂ ಜಗ್ಗದವರಿಗೆ ಒಮಲಿಜುಮಾಬ್ ಎಂಬ ಚುಚ್ಚುಮದ್ದುಂಟು. ರಕ್ತದಲ್ಲಿ ಅಲೆಯುವ ಐಜಿಇಯನ್ನು ಹಿಡಿದುಹಾಕುವ ಈ ಪ್ರತಿಕಾಯಕ್ಕೆ 2014ರಲ್ಲಿ ಹನ್ನೆರಡು ವರ್ಷ ದಾಟಿದವರ ದೀರ್ಘಕಾಲಿಕ ಗಂಧೆಗಾಗಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ನಾಲ್ಕು ವಾರಗಳಿಗೊಮ್ಮೆ ಕೊಡುವ ಅದರಿಂದ, ವರ್ಷಗಟ್ಟಲೆ ನರಳಿದ ಅನೇಕರು ಸಂಪೂರ್ಣವಾಗಿ ಗುಣ ಕಂಡಿದ್ದಾರೆ. ಅದರ ಬೆಲೆ ಮಾತ್ರ ಇನ್ನೂ ಬಡವರ ಕೈಗೆಟುಕದಷ್ಟಿರುವುದು ನೋವಿನ ಸಂಗತಿ. ಸ್ಟೆರಾಯ್ಡ್ ಮಾತ್ರೆಗಳು ಬೇಗ ಗುಣ ತೋರಿಸುತ್ತವೆಂಬ ಕಾರಣಕ್ಕೆ ಔಷಧದಂಗಡಿಯಿಂದ ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ತೀವ್ರವಾದ ಉಲ್ಬಣದಲ್ಲಿ ಕೆಲವೇ ದಿನಗಳ ಮಟ್ಟಿಗೆ ವೈದ್ಯರು ಕೊಡುವುದು ಬೇರೆ. ದೀರ್ಘಕಾಲದ ಸೇವನೆಯಿಂದ ಮೂಳೆ ಸವೆದು, ಸಕ್ಕರೆಯ ಕಾಯಿಲೆ ಹತ್ತಿ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಬೇರೆ.

ಮನೆಮದ್ದುಗಳ ವಿಷಯದಲ್ಲಿ ಎರಡು ಮಾತು. ದೊಡ್ಡಪತ್ರೆಯ ಎಲೆಯನ್ನು ಜಜ್ಜಿ ಹಚ್ಚುವುದೂ, ಪುನರ್ಪುಳಿಯ ಪಾನಕವನ್ನು ಕುಡಿಯುವುದೂ ನಮ್ಮಲ್ಲಿ ಬಹುಕಾಲದ ರೂಢಿ. ಯಾವ ಗಂಧೆಯೂ ಸಾಮಾನ್ಯವಾಗಿ 24 ಗಂಟೆಗಳಿಗಿಂತ ಹೆಚ್ಚು ಒಂದೆಡೆ ನಿಲ್ಲದಿರುವುದರಿಂದ, ಹಚ್ಚಿದ ಮದ್ದಿಗೆಲ್ಲ ಗುಣಮಾಡಿದ ಕೀರ್ತಿ ಸಲ್ಲುವುದು ಸುಲಭ. ಆದರೂ ತಂಪಿನಿಂದ ತುರಿಕೆ ಇಳಿಯುವುದು ನಿಜವಾದುದರಿಂದ, ಚಳಿಯ ಗಂಧೆಯಿಲ್ಲದವರು ಇಂತಹವನ್ನು ಮಾಡುವುದಕ್ಕೆ ಆಕ್ಷೇಪಣೆಯಿಲ್ಲ. ತಣ್ಣೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯೂ ಕ್ಯಾಲಮೈನ್ ಲೋಷನ್ನೂ ಇಷ್ಟೇ ಉಪಕಾರ ಮಾಡುತ್ತವೆ. ಆದರೆ ಕಂಬಳಿಯಿಂದ ಮೈಯನ್ನು ಉಜ್ಜುವ ಪದ್ಧತಿಯನ್ನು ಮಾತ್ರ ಕೈಬಿಡಬೇಕು. ಉಜ್ಜಿದಷ್ಟೂ ಮಾಸ್ಟ್ ಕೋಶಗಳು ಸಿಡಿಯುತ್ತವೆ, ಕಾವಿನಿಂದ ತುರಿಕೆ ಇಮ್ಮಡಿಸುತ್ತದೆ. ಮಗುವಿನ ಉಗುರು ಕತ್ತರಿಸಿ, ಸಡಿಲವಾದ ಹತ್ತಿಯ ಅಂಗಿ ತೊಡಿಸಿ, ಬಿಸಿನೀರಿಗೆ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿಸುವುದು, ರಾತ್ರಿಯಲ್ಲಿ ತುರಿಕೆ ಹೆಚ್ಚುವುದು ಈ ರೋಗದ ಸ್ವಭಾವವೆಂದರಿತು ಮಗುವಿನ ಬಳಿ ಕುಳಿತು ಕಥೆ ಹೇಳುವುದು, ಇವು ಯಾವ ಔಷಧಕ್ಕೂ ಕಡಿಮೆಯಲ್ಲ. ಮೈಕೈ ನೋವಿಗೆಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ದೀರ್ಘಕಾಲಿಕ ಗಂಧೆಯುಳ್ಳವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರೋಗವನ್ನು ಕೆರಳಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಕ್ಷೇಮಕರ.

ಗಂಧೆ ಮಾತ್ರವೇ ಇರುವಾಗ ಭಯಪಡಬೇಕಾದುದಿಲ್ಲ. ಆದರೆ ಗಂಧೆಯೊಡನೆ ನಾಲಗೆ ಊದುವುದು, ಸ್ವರ ಒಡೆಯುವುದು, ಉಸಿರು ಕಟ್ಟುವುದು ಅಥವಾ ಗುರುಗುಟ್ಟುವುದು, ಮತ್ತೆ ಮತ್ತೆ ವಾಂತಿಯಾಗುವುದು, ಮಗು ಬಾಡಿ ಜೋಲುವುದು, ಕಣ್ಣು ಕತ್ತಲೆಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಅದು ಅನಾಫಿಲ್ಯಾಕ್ಸಿಸ್ ಎಂಬ ಪ್ರಾಣಾಂತಿಕ ಸ್ಥಿತಿಯೆಂದು ಭಾವಿಸಿ, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಜೀವವುಳಿಸುವುದು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ಅದರ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ, ವಯಸ್ಕರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ. ಗಂಧೆಯ ಮಾತ್ರೆಯಾಗಲಿ ಸ್ಟೆರಾಯ್ಡ್ ಆಗಲಿ ಅದರ ಸ್ಥಾನವನ್ನು ತುಂಬಲಾರವು. ರೋಗಿಯನ್ನು ಕಾಲು ಮೇಲಾಗಿ ಮಲಗಿಸಿ ಒಯ್ಯಬೇಕು; ಉಸಿರಾಟ ಕಷ್ಟವಾದರೆ ಒರಗಿ ಕುಳ್ಳಿರಿಸಬಹುದು; ಎದ್ದು ನಡೆಯಿಸಕೂಡದು. ಇನ್ನೆರಡು ಸಂದರ್ಭಗಳಲ್ಲಿ, ಇಷ್ಟು ಆತುರವಿಲ್ಲದಿದ್ದರೂ, ವೈದ್ಯರ ವಿಶೇಷ ಪರೀಕ್ಷೆ ಅಗತ್ಯ: ಒಂದೊಂದು ದದ್ದೂ ದಿನಕ್ಕಿಂತ ಹೆಚ್ಚು ಕಾಲ ಒಂದೇ ಕಡೆ ನಿಂತು, ನೋಯುತ್ತ, ಅಡಗಿದ ಮೇಲೆ ಕಂದಿದ ಕಲೆಯುಳಿಸಿದರೆ ಅದು ರಕ್ತನಾಳಗಳ ಉರಿಯೂತವಿರಬಹುದು, ಗಂಧೆಯೇ ಇಲ್ಲದೆ ತುಟಿ, ಮುಖ, ನಾಲಗೆಗಳು ಮತ್ತೆ ಮತ್ತೆ ಊದಿದರೆ ಅದು ರಕ್ತದೊತ್ತಡಕ್ಕೆ ಸೇವಿಸುವ ಎನಲಾಪ್ರಿಲ್, ರಾಮಿಪ್ರಿಲ್‌ಗಳಂತಹ ಮಾತ್ರೆಗಳ ಫಲವೋ, ವಂಶಪಾರಂಪರ್ಯವಾಗಿ ಬಂದ ಮತ್ತೊಂದು ರೋಗವೋ ಇರಬಹುದು. ಆ ಊತಗಳಲ್ಲಿ ಹಿಸ್ಟಮಿನ್ನಿನ ಕೈವಾಡವಿಲ್ಲವಾದ್ದರಿಂದ ಮೇಲೆ ಹೇಳಿದ ಮಾತ್ರೆಗಳು ಅಲ್ಲಿ ನಡೆಯವು.

ದೀರ್ಘಕಾಲಿಕ ಗಂಧೆಯುಳ್ಳವರು ಒಂದು ಸಣ್ಣ ಲೆಕ್ಕವನ್ನಿಡುವುದು ಒಳ್ಳೆಯದು. ದಿನವೂ ಮಲಗುವ ಮುನ್ನ, ಆ ದಿನದ ಗಂಧೆಗಳಿಗೆ ಸೊನ್ನೆಯಿಂದ ಮೂರರವರೆಗೆ ಒಂದಂಕೆ: ಇಲ್ಲದಿದ್ದರೆ ಸೊನ್ನೆ, ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಒಂದು, ಐವತ್ತರವರೆಗೆ ಎರಡು, ಮೀರಿದರೆ ಮೂರು, ತುರಿಕೆಗೂ ಅಂತೆಯೇ ಒಂದಂಕೆ. ಏಳು ದಿನದ ಮೊತ್ತ ಸೊನ್ನೆಯಿಂದ 42ರೊಳಗೆ ಎಲ್ಲಿಯೋ ನಿಲ್ಲುತ್ತದೆ. ವೈದ್ಯರ ಬಳಿ ಹೋದ ದಿನ ಮೈಮೇಲೆ ಒಂದೂ ಗಂಧೆಯಿಲ್ಲದಿರುವುದು ಈ ರೋಗದಲ್ಲಿ ನಿತ್ಯದ ಅನುಭವವಾದುದರಿಂದ, ಆ ಅಂಕೆಗಳೂ, ಗಂಧೆಯೆದ್ದ ರಾತ್ರಿ ಮೊಬೈಲಿನಲ್ಲಿ ತೆಗೆದಿಟ್ಟ ಒಂದೆರಡು ಚಿತ್ರಗಳೂ ವೈದ್ಯರಿಗೆ ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತವೆ. ಬಹುಮಂದಿಯಲ್ಲಿ ಈ ರೋಗ ಕೆಲವು ವರ್ಷಗಳೊಳಗೆ ತಾನಾಗಿ ಶಮನ ಹೊಂದುತ್ತದೆ. ಮಾತ್ರೆಗಳು ಅಲ್ಲಿಯವರೆಗೆ ದಾಟಿಸುವ ಸಾಧನ. ಮೊತ್ತ ಕೆಲವು ತಿಂಗಳು ಸತತವಾಗಿ ಸೊನ್ನೆಯಲ್ಲಿ ನಿಂತಾಗ ವೈದ್ಯರ ಸಲಹೆಯಂತೆ ಮಾತ್ರೆಯನ್ನು ಮೆಲ್ಲನೆ ಇಳಿಸುತ್ತ ಬರಬೇಕು. ಇಳಿಸಿದಾಗ ಗಂಧೆ ಮರಳಿದರೆ, ಹಿಂದಿನ ಪ್ರಮಾಣಕ್ಕೆ ಹೋಗಿ, ಇನ್ನು ಕೆಲವು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಇಳಿಸಿ ನೋಡಬೇಕು.